ಮಾಲಿಪಾಟೀಲರ ಬಿ.ಎ. ವಿರಾಸತ್

ನಮ್ಮ ಮಸ್ಕಿಯ ಅಮರಗುಂಡಪ್ಪನವರು ಬಿ.ಎ. ಆಗಬೇಕೆಂದು ತೀರ್ಮಾನಿಸಿದ್ದು ೧೯೫೧ನೇ ಇಸವಿಯ ಒಂದು ಮಂಗಳವಾರ ಬೆಳಿಗ್ಗೆ, ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿರುವಾಗ. ಬಾಯಿ ಮುಕ್ಕಳಿಸುವ ಹೊತ್ತಿಗೆ ತೀರ್ಮಾನ ಗಟ್ಟಿಯಾಯಿತು. ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಅರ್ಜಿಯೂ ಮನಸ್ಸಿನಲ್ಲಿ ಸಿದ್ಧವಾಯಿತು. ಅವರಿಗೆ ಆಗ ನಲವತ್ತೆರಡು ವರ್ಷ. ನಾಲ್ಕನೆಯ ತರಗತಿಯಲ್ಲಿ ಎರಡು ಸಲ ಕೂತು, ಆ ತರಗತಿ ತಮಗೆ ತಕ್ಕುದಲ್ಲವೆಂದು ಎದ್ದು ಬಂದು ಮೂವತ್ತು ವರ್ಷ ಕಳೆದಿತ್ತು. ಇಂಥ ಸಣ್ಣಪುಟ್ಟ ಸಂಗತಿಗಳಿಗೆ ಎದೆಗುಂದುವ ಮನುಷ್ಯ ಅವರಲ್ಲ.

ಅವರು ಓದಿ ಬಿ.ಎ. ಆಗಲು ಹೊರಟಿದ್ದರೆಂದು ಯಾರೂ ತಪ್ಪು ತಿಳಿಯಬಾರದು. ಓದುವ ಕೆಲಸವನ್ನು ಅವರ ಅಣ್ಣ ಆದೆಪ್ಪನವರು ಹದಿನೈದು ವರ್ಷದ ಹಿಂದೆಯೇ ಹೈದರಾಬಾದಿನ ಯೂನಿವರ್ಸಿಟಿಯಲ್ಲಿ ಮುಗಿಸಿ ಬಂದಿದ್ದರು. ಒಂದೇ ಮನೆಯಲ್ಲಿ ಇಬ್ಬರು ಅದೇ ಪುಸ್ತಕ ಓದುವುದು ದಂಡವೆಂಬುದು ಅಮರಗುಂಡಪ್ಪನವರ ಅಭಿಪ್ರಾಯ. ಆದೆಪ್ಪನವರು ನಮ್ಮ ಸೀಮೆಯ ಮೊದಲ ಬಿ.ಎ.; ಲಿಂಗಸುಗೂರಿನಲ್ಲಿ ಹೆಡ್‌ಮಾಸ್ತರರಾಗಿದ್ದವರು. ಪುಷ್ಯ ಮಾಸದಲ್ಲಿ ಮೂರು ದಿನದ ಜ್ವರಕ್ಕೆ ತೀರಿಕೊಂಡರು. ಹೆಂಡತಿ ಬಸವಣ್ಣೆಮ್ಮ, ಹದಿನೇಳು ವರ್ಷದ ಮಗಳು ಸಂಗಮ್ಮ, ಒಂದು ಟ್ರಂಕು ಪುಸ್ತಕ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಎರಡು ಕಾಗದ, ಇಷ್ಟನ್ನು ಬಿಟ್ಟು ಹೋದರು. ಒಂದು ಕಾಗದ ಬಿ.ಎ. ಸನದು. ಇನ್ನೊಂದು, ಅದೇ ಯೂನಿವರ್ಸಿಟಿಯಲ್ಲಿ ಒಂದು ವರ್ಷ ಸಂಜೆ ಹೊತ್ತು ಫ್ರೆಂಚ್ ಭಾಷೆ ಕಲಿತದ್ದಕ್ಕೆ ಕೊಟ್ಟ ಸರ್ಟಿಫಿಕೇಟು. ಫ್ರೆಂಚ್ ಯಾಕೆ ಕಲಿತರೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಬಿ.ಎ. ಆದವನು ಏನಾದರೂ ಮಾಡಿಯಾನು ಎಂದು ಬಿಟ್ಟಿದ್ದರು.

ಪೇಚಾಟ ಶುರುವಾದದ್ದು ಸಿಂಧನೂರಿನಿಂದ. ಅಲ್ಲಿಯ ಹತ್ತಿ ವ್ಯಾಪಾರಿ ಶಿವಶರಣಪ್ಪನವರು ತಮ್ಮ ಮಗನಿಗೆ ಸಂಗಮ್ಮನನ್ನು ತಂದುಕೊಳ್ಳುವುದೆಂದು ಮಾತಾಗಿತ್ತು. ಆದೆಪ್ಪನವರ ತಿಥಿ ಮುಗಿದ ವಾರಕ್ಕೇ ಅವರಿಂದ ಹೇಳಿಕೆ ಬಂತು: "ಬಿ.ಎ. ಮನೆತನ ಅಂತ ಒಪ್ಪಿದ್ವಿ. ಈಗ ಆ ಮನ್ಯಾಗ ಬಿ.ಎ. ಇಲ್ಲ. ವಿಚಾರ ಮಾಡಬೇಕಾಗೇತಿ."

ಸಾಯುವ ಅಣ್ಣನ ಕೈಹಿಡಿದು "ಸಂಗಿ ನನ್ನ ಮಗಳಣ್ಣಾ, ಆಕೀ ಚಿಂತಿ ಬಿಡು" ಎಂದು ಮಾತು ಕೊಟ್ಟಿದ್ದ ಅಮರಗುಂಡಪ್ಪನವರಿಗೆ ಈ ಹೇಳಿಕೆ ಮುಟ್ಟಿದ್ದು ಭಾನುವಾರ. ಎರಡು ದಿನ ಸಂಕಟಪಟ್ಟರು. ಮೂರನೆಯ ದಿನ ಮಂಗಳವಾರ. ಬೇವಿನ ಕಡ್ಡಿಯ ವಿಷಯ ಆಗಲೇ ಹೇಳಿದ್ದೇನೆ.

"ಅತ್ತಿಗೆವ್ವಾ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. "ಬಿ.ಎ. ಎಲ್ಲಿಗೂ ಹೋಗಿಲ್ಲ. ಅಣ್ಣ ಹೋದ, ಅದು ಗ್ವಾಡಿ ಮ್ಯಾಲೆ ಹಂಗ ಐತಿ. ನಾ ವಿರಾಸತ್ ಮಾಡಿಸ್ಕೊಂತೀನಿ."

ವಿರಾಸತ್ ಎಂಬುದು ನಮ್ಮ ನಿಜಾಮ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿದ್ದ ಮಾತು. ಪಾಟೀಲಕಿಯಾಗಲಿ ಪಟವಾರಿಕೆಯಾಗಲಿ, ಸನದು ಇದ್ದವನು ಸತ್ತರೆ ವಾರಸುದಾರ ತಹಶೀಲಿಗೆ ಅರ್ಜಿ ಹಾಕಬೇಕು. ಊರಲ್ಲಿ ಡಂಗುರ ಹೊಡೆಸುತ್ತಾರೆ, ಪಂಚನಾಮೆ ಆಗುತ್ತದೆ, ಮೂವತ್ತು ದಿನದೊಳಗೆ ಯಾರದೂ ತಕರಾರು ಬಾರದಿದ್ದರೆ ಸತ್ತವನ ಹೆಸರು ಹೊಡೆದು ಇದ್ದವನ ಹೆಸರು ಬರೆಯುತ್ತಾರೆ. ಅಮರಗುಂಡಪ್ಪನವರು ತಂದೆಯ ಮಾಲಿಪಾಟೀಲಕಿಯನ್ನು, ಅಂದರೆ ಕಂದಾಯ ವಸೂಲಿಯ ಪಾಟೀಲಕಿಯನ್ನು, ಪಡೆದದ್ದು ಹೀಗೆಯೇ. ಅದಕ್ಕೆ ಬೇಕಾದ ಓದು ಬರಹ ಅವರಿಗೆ ಸಾಲದೆಂದು ತಿಳಿದಾಗಲೂ ತೊಂದರೆಯಾಗಲಿಲ್ಲ. ವತನದಾರನ, ಅಂದರೆ ವಂಶದ ಹುದ್ದೆ ಹಿಡಿದವನ, ಪರವಾಗಿ ಕೆಲಸ ಮಾಡಲು ಒಬ್ಬ ಗುಮಾಸ್ತನನ್ನು ನೇಮಿಸಿಕೊಳ್ಳಲು ಕಾನೂನಿತ್ತು. ಹೆಸರು ಇವರದು, ಲೇಖನಿ ಅವನದು.

ಒಳಗಿನಿಂದ ಸಂಗಮ್ಮ ಕೇಳಿದಳು: "ಕಾಕಾ, ಬಿ.ಎ. ಅಂದ್ರ ಅಪ್ಪ ಓದಿದ್ದು. ಅದು ನಿಮಗ ಹೆಂಗ ಬರ್ತೈತಿ?"

"ನಮ್ಮಪ್ಪ ಪಾಟೀಲಕಿ ಮಾಡಿದ್ದ. ಅದು ನನಗ ಹೆಂಗ ಬಂತು?"

ಆ ಕಾಲದ ಹೈದರಾಬಾದ್ ಸಂಸ್ಥಾನದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ವಕೀಲರೂ ಇರಲಿಲ್ಲ ಎಂದು ನನ್ನ ನಂಬಿಕೆ.

"ಇನ್ನೊಂದು ಕೇಳವ್ವಾ," ಎಂದು ಕಾಕಾ ಮುಂದುವರಿಸಿದರು. "ಪೊಲೀಸ್ ಕಾರ್ಯಾಚರಣೆ ಆತು, ಜಾಗೀರು ಹೋದ್ವು. ಇನಾಮೂ ಹೋಗ್ತಾವಂತ. ನಾಳೆ ಪಾಟೀಲಕಿ ಉಳೀತೈತಿ ಅಂತ ಯಾರು ಹೇಳ್ಯಾರು? ಬಿ.ಎ. ತಂಟೆಕ ಮಾತ್ರ ಸರಕಾರ ಬಂದಿಲ್ಲ. ಬಲು ಗಟ್ಟಿ ವತನ ಅದು."

ಲಿಂಗಸುಗೂರಿನ ತಹಶೀಲ್ ಕಚೇರಿಯಲ್ಲಿ ಪೇಶ್ಕಾರ ಬಂದೇಸಾಬರು ಮೂವತ್ತು ವರ್ಷದಿಂದ ಅರ್ಜಿ ತೆಗೆದುಕೊಳ್ಳುತ್ತಿದ್ದವರು. ಇಂಥ ಕಾಗದ ಇಲ್ಲಿ ನಡೆಯುವುದಿಲ್ಲ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ಈಚೆಗೆ ಕಚೇರಿಯ ಭಾಷೆ ಬದಲಾಗಿತ್ತು, ಕಾನೂನು ಬದಲಾಗಿತ್ತು, ಎರಡೂವರೆ ವರ್ಷದಲ್ಲಿ ಮೂವರು ತಹಶೀಲ್ದಾರರು ಬದಲಾಗಿದ್ದರು. ಹಳೆಯ ಕಾನೂನಿನ ಮೇಲೆ ಇಲ್ಲ ಎಂದು ಹೇಳಿ ಎರಡು ಸಲ ಬೈಸಿಕೊಂಡ ಬಂದೇಸಾಬರು, ಪಿಂಚಣಿ ಬರುವ ತನಕ ಯಾವುದಕ್ಕೂ ಇಲ್ಲ ಎನ್ನುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದರು.

"ಪಾಟೀಲರ, ಬಿ.ಎ.ಗೆ ವಿರಾಸತ್ ಮಾಡಿದ್ದು ನಾ ನೋಡಿಲ್ರೀ," ಎಂದರು ಅಳುಕುತ್ತ.

"ಸನದು ಐತೋ ಇಲ್ಲೋ?"

"ಅದರೀ."

"ಮೊಹರು?"

"ಮೊಹರೂ ಅದರೀ. ಎಷ್ಟು ಚಂದ ಅದ!"

"ಸನದು ಇದ್ದಾವ ಸತ್ತಾನ. ವಾರಸುದಾರ ನಿಮ್ಮ ಮುಂದ ನಿಂತಾನ. ಮತ್ತೇನು ಬೇಕು? ನಮ್ಮೂರ ಗುಡ್ಡದಾಗ ರಾಜ ಕಲ್ಲಿನ ಮ್ಯಾಲೆ ಬರೆಸಿದ್ದು ಎರಡು ಸಾವಿರ ವರ್ಷ ಆದ್ರೂ ಇನ್ನೂ ನಡೀತೈತಿ. ಹದಿನೈದು ವರ್ಷದ ಕಾಗದ ರದ್ದಾಗ್ತೈತೇನು?"

ಬಂದೇಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಸ ಸರಕಾರ. ಅದರೊಳಗೆ ಏನುಂಟೋ ಏನಿಲ್ಲವೋ. ಅವರ ದಫ್ತರದಲ್ಲಿ ಜಮೀನು, ಪಾಟೀಲಕಿ, ಪಟವಾರಿಕೆ, ತಳವಾರಿಕೆ ಎಂದು ಬೇರೆ ಬೇರೆ ಕಟ್ಟುಗಳಿದ್ದವು. ಕೊನೆಯಲ್ಲಿ 'ಇತರೆ' ಎಂಬ ಕಟ್ಟೊಂದಿತ್ತು. ಅಮರಗುಂಡಪ್ಪನವರ ಬಿ.ಎ. ಅದರೊಳಗೆ ಹೋಯಿತು.

ಮುಂದಿನ ಶುಕ್ರವಾರ ಸಂತೆಯ ಹೊತ್ತಿಗೆ ತಳವಾರ ಶಾವಲಿ ಮಸ್ಕಿಯ ಬಜಾರಿನಲ್ಲಿ ಡಂಗುರ ಹೊಡೆದ: "ಕೇಳ್ರಪ್ಪೋ ಕೇಳ್ರಿ! ಕೈಲಾಸವಾಸಿ ಆದೆಪ್ಪನವರ ಬಿ.ಎ., ಅವರ ತಮ್ಮ ಮಾಲಿಪಾಟೀಲ ಅಮರಗುಂಡಪ್ಪನವರ ಹೆಸರಿಗೆ ಆಗೂದೈತಿ! ಯಾರದಾರ ತಕರಾರಿದ್ರ ಮೂವತ್ತು ದಿನದೊಳಗ ಲಿಂಗಸೂರು ಕಚೇರಿಗೆ ಬರ್ರಪ್ಪೋ!"

ಸಂತೆ ನಿಂತಿತು. ಬಿ.ಎ. ಎಂಬುದೊಂದು ಇದೆಯೆಂದು ಊರಿಗೆ ಗೊತ್ತಿತ್ತು. ಅದು ಒಬ್ಬರಿಂದ ಒಬ್ಬರಿಗೆ ಆಗುವಂಥದ್ದು ಎಂದು ಗೊತ್ತಿರಲಿಲ್ಲ.

"ಬಿ.ಎ. ಎಷ್ಟು ಎಕರೆ ಬರ್ತೈತಲೇ?" ಎಂದು ಮೆಣಸಿನಕಾಯಿ ಮಾರುವವನು ಕೇಳಿದ.

"ಹೈದರಾಬಾದಿನಾಗ ಐತಂತ. ಅಲ್ಲೆ ಎಕರೆ ಲೆಕ್ಕ ಇಲ್ಲ."

"ಕಾಲುವಿ ಅದರಾಗ ಹಾದು ಹೋಗ್ತೈತಂತ. ಅದಕ್ಕ ಪಾಟೀಲಗ ಇಷ್ಟು ಅವಸರ."

ತುಂಗಭದ್ರೆಯ ಕಾಲುವೆ ಆಗ ಸಿಂಧನೂರಿನ ಕಡೆ ಅಗೆಯುತ್ತಿದ್ದ ಕಾಲ. ಯಾವ ಆಸ್ತಿಯ ಮಾತು ಬಂದರೂ ಜನ ಕಾಲುವೆಯನ್ನು ಅದರ ಮೇಲೆ ಹಾಯಿಸಿಬಿಡುತ್ತಿದ್ದರು. ಸಂಜೆಯ ಹೊತ್ತಿಗೆ ಬಿ.ಎ. ನೀರಾವರಿಯಾಗಿತ್ತು.

ಪಂಚನಾಮೆಗೆ ಐದು ಜನ ಪಂಚರು ಬಂದರು. ಆಸ್ತಿಗೆ ಚಕ್ಕುಬಂದಿ ಬರೆಯದೆ ಪಂಚನಾಮೆ ಆಗುವುದಿಲ್ಲ, ಅಂದರೆ ನಾಲ್ಕೂ ದಿಕ್ಕಿಗೆ ಏನಿದೆ ಎಂದು ಕಾಣಿಸಬೇಕು. ಗೋಡೆಯ ಮುಂದೆ ನಿಂತು ಬಹಳ ಹೊತ್ತು ಚರ್ಚಿಸಿ ಅವರು ಬರೆಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ: "ಸದರಿ ಬಿ.ಎ.ಗೆ ಎಡಕ್ಕೆ ಬಸವಣ್ಣನ ಪಟ, ಬಲಕ್ಕೆ ಕೊಡೆ ತೂಗುಹಾಕುವ ಗೂಟ, ಮೇಲೆ ತೊಲೆ, ಕೆಳಗೆ ಜೋಳದ ಚೀಲಗಳು. ಉದ್ದ ಎರಡು ಗೇಣು, ಅಗಲ ಒಂದೂವರೆ. ಹಾಲಿ ಬೆಳೆ ಇಲ್ಲ. ನೀರಿನ ಅನುಕೂಲ: ಮಳೆಗಾಲದಲ್ಲಿ ಸೋರುತ್ತದೆ." ಐವರೂ ಹೆಬ್ಬೆಟ್ಟು ಒತ್ತಿದರು.

ಈ ಪಂಚನಾಮೆಯ ನಕಲನ್ನು ಹಿಡಿದುಕೊಂಡು ಅಮರಗುಂಡಪ್ಪನವರು ಸಿಂಧನೂರಿನ ಬಸ್ಸು ಹತ್ತಿದರು. ಅಣ್ಣನ ಕಪ್ಪು ಕೋಟನ್ನು ಅಂದಿನಿಂದಲೇ ತೊಡತೊಡಗಿದ್ದರು. ಅಣ್ಣ ತೆಳ್ಳಗಿದ್ದ ಕಾರಣ ಗುಂಡಿ ಮಾತ್ರ ಹಾಕಲಾಗುತ್ತಿರಲಿಲ್ಲ. ಶಿವಶರಣಪ್ಪನವರು ಹತ್ತಿಯ ಅಂಡಿಗೆಗಳ ನಡುವೆ ಕೂತು ನಕಲಿನ ಮೇಲಿನ ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಸರಕಾರದ ಮೊಹರೆಂದರೆ ಅವರಿಗೆ ಭಯ ಭಕ್ತಿ ಎರಡೂ.

"ಅಂದ್ರ ನೀವು ಬಿ.ಎ. ಆಗಾಕತ್ತೀರಿ?"

"ಆದಂಗ ಐತಿ. ತೀರ್ಪು ಬರೂದೊಂದು ಬಾಕಿ."

"ಹಂಗಾರ ಮೂವತ್ತು ದಿನ ಕಾಯ್ತೀನ್ರಿ ಬೀಗರ. ವಿರಾಸತ್ ಆತಂದ್ರ ಮದುವಿ. ಆಗ್ಲಿಲ್ಲಂದ್ರ ನನ್ನ ಅನಬ್ಯಾಡ್ರಿ."

ಅಮರಗುಂಡಪ್ಪನವರು ಊರಿಗೆ ಮರಳಿದ್ದು ಮುಕ್ಕಾಲು ಬಿ.ಎ. ಆಗಿ. ಮೊದಲೆಲ್ಲ ಕೂತೇ 'ಪಾಟೀಲರೇ' ಎನ್ನುತ್ತಿದ್ದ ಜನ ಈಗ ಎದ್ದು ನಿಂತು ಎನ್ನತೊಡಗಿದರು. ಒಂದು ದಿನ ಕಿರಾಣಿ ಅಂಗಡಿಯ ಕರಿಬಸಯ್ಯ ತಂತಿ ಹಿಡಿದು ಓಡಿ ಬಂದ. ಅಳಿಯನ ಊರಿನಿಂದ ಬಂದದ್ದು, ಒಳಗಿನದು ಇಂಗ್ಲಿಷು. ಊರಿನಲ್ಲಿ ಉರ್ದು ಓದುವವರು ಇಪ್ಪತ್ತು ಜನ ಸಿಕ್ಕಾರು, ಇಂಗ್ಲಿಷಿಗೆ ಆದೆಪ್ಪನವರೊಬ್ಬರೇ ಇದ್ದರು. ಕಟ್ಟೆಯ ಸುತ್ತ ಜನ ಸೇರಿತು. ಅಮರಗುಂಡಪ್ಪನವರು ತಂತಿಯನ್ನು ತೆಗೆದುಕೊಂಡು, ಮೇಲಿನಿಂದ ಕೆಳಗೆ ನೋಡಿ, ತಿರುಗಿಸಿ ಹಿಂಬದಿಯನ್ನೂ ನೋಡಿ, ಗಂಭೀರವಾಗಿ ಮಡಿಚಿ ಕೊಟ್ಟರು.

"ಓದ್ರಿ ಪಾಟೀಲರ, ನನ್ನ ಜೀವ ಹೋಗಾಕತ್ತೈತಿ!"

"ಹೆಂಗ ಓದ್ಲಿ ಕರಿಬಸಯ್ಯ? ಕೇಸು ಇನ್ನ ತಹಶೀಲಿನಾಗ ಐತಿ. ತೀರ್ಪು ಬರೂತನ ನನಗ ಓದಾಕ ಹಕ್ಕಿಲ್ಲ. ನಾಳೆ ಯಾರಾರ ತಕರಾರು ತಗದ್ರ?"

ಎಷ್ಟು ನೇರ ಮನುಷ್ಯ ಎಂದು ಜನ ತಲೆದೂಗಿದರು. ಕರಿಬಸಯ್ಯ ಅಳುವ ಮೊದಲು ಸಂಗಮ್ಮ ಬಾಗಿಲ ಸಂದಿಯಿಂದ ಕೈ ಚಾಚಿ ತಂತಿ ಇಸಿದುಕೊಂಡು ಓದಿದಳು. "ನಿಮ್ಮ ಮಗಳಿಗೆ ಗಂಡು ಹುಟ್ಯಾನ್ರಿ ಕರಿಬಸಯ್ಯಾ. ತಾಯಿ ಮಗ ಆರಾಮದಾರ." ಕರಿಬಸಯ್ಯ ಸಕ್ಕರೆ ಹಂಚಿದ, ಮೊದಲ ಹಿಡಿ ಅಮರಗುಂಡಪ್ಪನವರಿಗೆ. ಓದಿದವಳಿಗೆ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇಪ್ಪತ್ತೊಂಬತ್ತನೆಯ ದಿನ ತಕರಾರು ಬಂದೇ ಬಂತು. ತಂದವರು ಅಮರಗುಂಡಪ್ಪನವರ ದೊಡ್ಡಪ್ಪನ ಮಗ ಕರಿಬಸಪ್ಪ; ಕಿರಾಣಿ ಅಂಗಡಿಯ ಕರಿಬಸಯ್ಯನಲ್ಲ. ಅವರ ವಾದ ಸರಳವಾಗಿತ್ತು: ಆದೆಪ್ಪ ಓದಿದ್ದು ಮನೆತನ ಇನ್ನೂ ಒಡೆಯದೆ ಇದ್ದಾಗ. ತಮ್ಮಪ್ಪ ವರ್ಷಕ್ಕೊಂದು ಚೀಲ ಜೋಳ ಹೈದರಾಬಾದಿಗೆ ಕಳಿಸಿದ್ದಾರೆ. ಆ ಜೋಳ ತಿಂದೇ ಅವನು ಬಿ.ಎ. ಆದದ್ದು. ಕೂಡಿದ್ದ ಮನೆಯ ಗಳಿಕೆಯಲ್ಲಿ ಅರ್ಧ ಪಾಲು ತಮಗೆ ಬರಬೇಕು.

"ಬಿ.ಎ. ಅರ್ಧ ಹೆಂಗ ಮಾಡ್ತೀಯಲೇ? ಹರಿದು ಕೊಡ್ಲೇನು?" ಎಂದು ಅಮರಗುಂಡಪ್ಪನವರು ಕೂಗಿದರು.

"ಬಾವಿ ಹೆಂಗ ಮಾಡಿದ್ವಿ? ಒಂದು ದಿನ ನೀ ಸೇದು, ಒಂದು ದಿನ ನಾ ಸೇದತೀನಿ. ಸೋಮವಾರ ನೀ ಬಿ.ಎ., ಮಂಗಳವಾರ ನಾ."

ಹಿರಿಯರು ನಡುವೆ ಬಂದರು. ಮೂರು ದಿನ ಪಂಚಾಯ್ತಿ ಕೂತಿತು. ಕೊನೆಗೆ ಆದದ್ದು ಇಷ್ಟು: ಬಿ.ಎ. ಒಡೆಯುವಂತಿಲ್ಲ, ಅದು ಅಮರಗುಂಡಪ್ಪನವರಿಗೆ. ಅದರ ಪಕ್ಕದ ಫ್ರೆಂಚ್ ಸರ್ಟಿಫಿಕೇಟು ಕರಿಬಸಪ್ಪನವರಿಗೆ. ಕರಿಬಸಪ್ಪನವರು ಅದನ್ನು ಮನೆಗೊಯ್ದು ದೀಪ ಹಚ್ಚಿದರು. ಫ್ರೆಂಚ್ ಎಂಬುದು ಸಮುದ್ರದಾಚೆಯ ಒಂದು ದೇಶವೆಂದು ಯಾರೋ ಹೇಳಿದ ಮೇಲೆ ಅವರ ನಡಿಗೆಯೇ ಬೇರೆಯಾಯಿತು.

ಆದರೂ ತಕರಾರು ಒಮ್ಮೆ ದಾಖಲಾದ ಮೇಲೆ ತಹಶೀಲ್ದಾರರ ಮುಂದೆ ವಿಚಾರಣೆ ಆಗಲೇಬೇಕು. ಹೊಸ ತಹಶೀಲ್ದಾರರು ಮದರಾಸು ಕಡೆಯಿಂದ ಬಂದವರು, ಮನೆಮಾತು ತೆಲುಗು, ಪುಸ್ತಕದ ಕನ್ನಡ ಬಲ್ಲವರು. ಆ ದಿನ ಮಸ್ಕಿಯಿಂದ ಹನ್ನೊಂದು ಬಂಡಿ ಹೋದವು. ವಿಧವೆಯ ಒಪ್ಪಿಗೆ ಬೇಕೆಂದು ಬಸವಣ್ಣೆಮ್ಮನೂ, ಜೊತೆಗೆ ಸಂಗಮ್ಮನೂ ಬಂದಿದ್ದರು. ಸಿಂಧನೂರಿನಿಂದ ಶಿವಶರಣಪ್ಪನವರು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ವಿರಾಸತ್ ಆದರೆ ಅಲ್ಲೇ ವೀಳ್ಯ ಕೊಡುವುದೆಂದು ಎಲೆ ಅಡಿಕೆ ಕೂಡ ಗಂಟಿನಲ್ಲಿತ್ತು.

ಸಾಹೇಬರು ಕಾಗದ ಓದಿದರು. ಇನ್ನೊಮ್ಮೆ ಓದಿದರು. ಚಕ್ಕುಬಂದಿಯ ಜಾಗಕ್ಕೆ ಬಂದಾಗ ಟೇಬಲ್ಲಿನ ಮೇಲಿನ ನೀರು ಕುಡಿದರು. ಬಂದೇಸಾಬರು ಗೋಡೆಯೊಳಗೆ ಸೇರಿಹೋಗುವವರಂತೆ ನಿಂತಿದ್ದರು.

"ಕರಿಬಸಪ್ಪನವರು ಯಾರು? ನಿಮ್ಮ ಪಾಲಿಗೆ ಫ್ರೆಂಚ್ ಬಂದಿದೆಯಂತೆ. ಎಲ್ಲಿ, ಒಂದೆರಡು ಮಾತಾಡಿ."

ಕರಿಬಸಪ್ಪನವರು ಹಿಂದೆಗೆಯಲಿಲ್ಲ. ಅವರಿಗೆ ಕನ್ನಡವಲ್ಲದ ಒಂದು ಭಾಷೆ ಬರುತ್ತಿತ್ತು. ಪರಭಾಷೆಯೆಂದರೆ ಎಲ್ಲ ಒಂದೇ ಎಂಬುದು ಅವರ ತಿಳಿವಳಿಕೆ. ಎದೆ ಸೆಟೆದು "ಏಮಂಡಿ, ಬಾಗುನ್ನಾರಾ?" ಎಂದರು.

ಸಾಹೇಬರು ತಡೆಯಲಾರದೆ "ಬಾಗುನ್ನಾನಂಡಿ" ಎಂದುಬಿಟ್ಟರು.

"ನೋಡ್ರಲೇ, ಸಾಹೇಬ್ರೂ ಫ್ರೆಂಚ್ ಕಲ್ತಾರ!" ಎಂದು ಹಿಂದಿನಿಂದ ಯಾರೋ ಮೆಚ್ಚಿದರು.

ಸಾಹೇಬರು ಮುಖ ಒರೆಸಿಕೊಂಡು ಅಮರಗುಂಡಪ್ಪನವರ ಕಡೆ ತಿರುಗಿದರು. "ಪಾಟೀಲರೇ, ಕೇಳಿ. ಬಿ.ಎ. ವತನವಲ್ಲ. ಮೊದಲು ಮೆಟ್ರಿಕ್ ಪರೀಕ್ಷೆ. ಆಮೇಲೆ ಎರಡು ವರ್ಷ ಓದಿ ಇಂಟರ್‌ಮೀಡಿಯೆಟ್. ಮತ್ತೆ ಎರಡು ವರ್ಷ ಓದಿ ಬಿ.ಎ. ಅದರ ಮೇಲೆ ಎಂ.ಎ. ಎಂದೂ ಉಂಟು. ಒಂದೊಂದಕ್ಕೂ ಪರೀಕ್ಷೆ. ಯಾರು ಬರೆದು ಪಾಸಾಗುತ್ತಾರೋ ಸನದು ಅವರದು."

"ಪರೀಕ್ಷಾ ಪಾಟೀಲಕಿಗೂ ಐತ್ರಿ ಸಾಹೇಬ್ರ."

"ಉಂಟು."

"ಅದರಾಗ ನಾ ಪಾಸಾಗ್ಲಿಲ್ರಿ. ಕಾನೂನು ಪ್ರಕಾರ ಗುಮಾಸ್ತನ್ನ ಇಟ್ಟೀನಿ. ಬಿ.ಎ.ಗೂ ಇಡ್ತೀನ್ರಿ. ನನ್ನ ಪರವಾಗಿ ಅವ ಓದ್ಲಿ, ಬರೀಲಿ."

ಸಾಹೇಬರು ಲೇಖನಿ ಎತ್ತಿ 'ಅರ್ಜಿ ವಜಾ' ಎಂದು ಬರೆದು ಓದಿ ಹೇಳಿದರು. ಶಿವಶರಣಪ್ಪನವರು ಅದನ್ನು ಕೇಳಿದ್ದೇ ಎದ್ದರು. ಎಲೆ ಅಡಿಕೆಯ ಗಂಟನ್ನು ಬಿಚ್ಚದೆ ಹೆಗಲಿಗೆ ಹಾಕಿಕೊಂಡು "ನನ್ನ ಅನಬ್ಯಾಡ್ರಿ ಪಾಟೀಲರ" ಎಂದು ಹೊರಟೇಬಿಟ್ಟರು. ಬೀಗರು ಎಂಬ ಮಾತು ಅಷ್ಟರಲ್ಲೇ ಅವರ ಬಾಯಿಂದ ಬಿದ್ದುಹೋಗಿತ್ತು.

ಅಮರಗುಂಡಪ್ಪನವರು ಗುಂಡಿ ಹಾಕದ ಕೋಟಿನ ಎರಡೂ ಅಂಚನ್ನು ಎಳೆದು ಕೂಡಿಸುತ್ತ ನಿಂತರು. "ಅಣ್ಣಗ ಮಾತು ಕೊಟ್ಟಿದ್ದೆ," ಎಂದರು, ಯಾರಿಗೂ ಅಲ್ಲ. ನಗಲೆಂದೇ ಬಂಡಿ ಕಟ್ಟಿಕೊಂಡು ಬಂದಿದ್ದ ನಮಗೆ ಆ ಮಾತು ಕೇಳಿ ನಾಚಿಕೆಯಾಯಿತು.

ಆಗ ಸಂಗಮ್ಮ ತಾಯಿಯ ಹಿಂದಿನಿಂದ ಮುಂದೆ ಬಂದಳು. "ಸಾಹೇಬ್ರ, ಕಾಕಾಗ ಗುಮಾಸ್ತ ನಾ ಆಗ್ತೀನ್ರಿ."

"ಓದು ಬರುತ್ತದೆಯೇ?"

"ಅಪ್ಪ ಮೆಟ್ರಿಕ್‌ಗೆ ತಯಾರಿ ಮಾಡಿಸಾಕತ್ತಿದ್ರು. ಈ ವರ್ಷ ಕೂಡಬೇಕಿತ್ತು."

ಸಾಹೇಬರು ಕೈಗೆ ಸಿಕ್ಕ ಇಂಗ್ಲಿಷ್ ಕಾನೂನು ಪುಸ್ತಕ ತೆಗೆದು ಕೊಟ್ಟರು. ಅವಳು ಒಂದು ಪುಟವನ್ನು ತಡೆಯಿಲ್ಲದೆ ಓದಿದಳು. ಆಮೇಲೆ ಸ್ವಲ್ಪ ನಾಚಿ, "ಬೋಂಜೂರ್ ಮೊಸ್ಯೂ" ಎಂದಳು.

"ಇದು ಯಾವ ಭಾಷಾನವ್ವಾ?" ಎಂದರು ಕರಿಬಸಪ್ಪ.

"ನಿಮ್ಮ ಪಾಲಿಗೆ ಬಂದದ್ದು ದೊಡ್ಡಪ್ಪಾ."

ಸಾಹೇಬರು ಮತ್ತೆ ಲೇಖನಿ ಎತ್ತಿದರು. 'ಅರ್ಜಿ ವಜಾ' ಎಂಬುದರ ಕೆಳಗೆ ಇನ್ನೊಂದು ಸಾಲು ಬರೆದರು: "ಗುಮಾಸ್ತರ ನೇಮಕಕ್ಕೆ ಈ ಕಚೇರಿಯ ಅಡ್ಡಿ ಇಲ್ಲ." ಹೈದರಾಬಾದಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ತಮ್ಮ ಕೈಯಾರೆ ಒಂದು ಪತ್ರವನ್ನೂ ಕೊಟ್ಟರು. ಆ ಸಾಹೇಬರ ಹೊಟ್ಟೆ ತಣ್ಣಗಿರಲಿ.

ಅಮರಗುಂಡಪ್ಪನವರಿಗೆ ಕಳೆದುಹೋದ ಧೈರ್ಯ ಲಿಂಗಸುಗೂರಿನ ಬಸ್ ನಿಲ್ದಾಣ ದಾಟುವುದರೊಳಗೆ ಮರಳಿ ಬಂತು. ವಜಾ ಎಂಬ ಸಾಲನ್ನು ಅವರು ಎಣಿಕೆಗೇ ತರಲಿಲ್ಲ. ಕೆಳಗಿನ ಸಾಲು ಹಿಡಿದುಕೊಂಡರು. ಮರುವರ್ಷ ಮೆಟ್ರಿಕ್ ಪಾಸಾಗಿ ಸಂಗಮ್ಮ ಹೈದರಾಬಾದಿಗೆ ಹೊರಟಾಗ ಊರು ಬಾಯಿಗೆ ಬಂದಂತೆ ಆಡಿತು. ಬೆಳೆದ ಹುಡುಗಿಯನ್ನು ಅಷ್ಟು ದೂರ ಕಳಿಸುವುದೇ? ಮಠದಲ್ಲಿ ಕೇಳಿದರು, ಕ್ಷೌರದ ಕಟ್ಟೆಯಲ್ಲಿ ಕೇಳಿದರು. ಅಮರಗುಂಡಪ್ಪನವರು ಎಲ್ಲರಿಗೂ ಕೊಟ್ಟದ್ದು ಒಂದೇ ಉತ್ತರ.

"ಹುಡುಗೀನ್ನ ಯಾರು ಕಳಿಸ್ಯಾರ? ನಾ ಗುಮಾಸ್ತನ್ನ ಕಳಿಸೀನಿ. ಸರಕಾರಿ ಕೆಲಸ. ತಹಶೀಲ್ದಾರ್ ಸಾಹೇಬ್ರ ಸಹಿ ಐತಿ, ತೋರಿಸ್ಲೇನು?"

ಸಹಿಯ ಮುಂದೆ ಯಾರೂ ನಿಲ್ಲಲಿಲ್ಲ. ಬುದ್ಧಿವಂತರಾದವರು ತಮ್ಮ ಹೆಣ್ಣುಮಕ್ಕಳನ್ನು ಓದಿಸಬೇಕೆಂದು ಬಯಸಿ ಊರಿಗೆ ಅಂಜಿ ಕೈಬಿಟ್ಟದ್ದನ್ನು ನಾನು ಬಲ್ಲೆ. ಈ ಮನುಷ್ಯನಿಗೆ ತಾನು ಅಂಜಬೇಕಾದ ಕೆಲಸ ಮಾಡುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಇಂಟರ್‌ಮೀಡಿಯೆಟ್ ಪಾಸಾದಾಗ "ಅರ್ಧ ಬಿ.ಎ. ಕೈಗೆ ಬಂತು" ಎಂದು ಊರಿಗೆಲ್ಲ ಹೇಳಿದರು. ಪರೀಕ್ಷೆಯ ದಿನಗಳಲ್ಲಿ ತಾವೂ ಕೋಟು ತೊಟ್ಟು ಕಟ್ಟೆಯ ಮೇಲೆ ಮೂರು ತಾಸು ಮಾತಾಡದೆ ಕೂರುತ್ತಿದ್ದರು.

೧೯೫೬ರ ದಸರೆಯ ಹೊತ್ತಿಗೆ ಸಂಗಮ್ಮ ಬಸ್ಸಿನಿಂದ ಇಳಿದಳು. ಬಿ.ಎ. ಪಾಸಾಗಿತ್ತು; ಸಿಂಧನೂರಿನ ಶಾಲೆಯಲ್ಲಿ ಮಾಸ್ತರಿಕೆಯ ಹುಕುಂ ಬಂದಿತ್ತು. ಊರೆಲ್ಲ ಕಟ್ಟೆಗೆ ಬಂದು ಸೇರಿತು. ಅವಳು ತಗಡಿನ ಕೊಳವೆಯಿಂದ ಕಾಗದ ತೆಗೆದು ಕಾಕಾನ ಕೈಗಿಟ್ಟಳು.

"ಓದವ್ವಾ."

ಅವಳು ಓದಿ ಕನ್ನಡದಲ್ಲಿ ಹೇಳಿದಳು. ಯೂನಿವರ್ಸಿಟಿಯ ಹೆಸರು, ವರ್ಷ, ಸಂಗಮ್ಮ, ತಂದೆ ಆದೆಪ್ಪ.

"ನನ್ನ ಹೆಸರು ಎಲ್ಲೈತಿ?"

"ಇಲ್ಲ ಕಾಕಾ."

"ಹಿಂದ?"

ಅವಳು ತಿರುಗಿಸಿ ತೋರಿಸಿದಳು. ಹಿಂಬದಿ ಖಾಲಿ ಇತ್ತು. "ಗುಮಾಸ್ತ ವತನಾನ ನುಂಗ್ಯಾಳ!" ಎಂದು ಕರಿಬಸಪ್ಪ ತೊಡೆ ತಟ್ಟಿ ನಕ್ಕರು, ಐದು ವರ್ಷದಿಂದ ಫ್ರೆಂಚಿಗೆ ದೀಪ ಹಚ್ಚಿ ಏನೂ ಗಿಟ್ಟದ ಸಂಕಟ ಅವರದು. ಅಮರಗುಂಡಪ್ಪನವರು ಕಾಗದವನ್ನು ತಾವೇ ಸುತ್ತಿ ಕೊಳವೆಯಲ್ಲಿಟ್ಟು, ಕೋಟು ತೊಟ್ಟು, ಯಾರಿಗೂ ಒಂದು ಮಾತು ಹೇಳದೆ ಲಿಂಗಸುಗೂರಿನ ಬಸ್ಸು ಹತ್ತಿ ಹೋದರು. ಸಂಗಮ್ಮ ಊಟ ಮಾಡದೆ ಬಾಗಿಲಲ್ಲೇ ಕಾದಳು. ಸಂಜೆ ಅವರು ಮರಳಿ ಬಂದವರೇ ಅವಳ ತಲೆ ಸವರಿ "ಉಂಡೇನವ್ವಾ?" ಎಂದು ಕೇಳಿ ಒಳಗೆ ಹೋದರು.

ನಾಲ್ಕನೆಯ ದಿನ ಸಿಂಧನೂರಿನ ಶಿವಶರಣಪ್ಪನವರು ಬಂದರು. ಕಾಲುವೆಯಲ್ಲಿ ನೀರು ಬಂದ ಮೇಲೆ ಹತ್ತಿಯ ವ್ಯಾಪಾರ ಬಿಟ್ಟು ಭತ್ತಕ್ಕೆ ಇಳಿದಿದ್ದರು. ಮಗ ಮೆಟ್ರಿಕ್‌ನಲ್ಲಿ ನಾಲ್ಕು ಸಲ ಫೇಲಾಗಿ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಮದುವೆ ಇನ್ನೂ ಕೂಡಿ ಬಂದಿರಲಿಲ್ಲ. ಆ ಹಳೆಯ ಎಲೆ ಅಡಿಕೆಯ ಗಂಟೇ ಹೆಗಲ ಮೇಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

"ಬೀಗರ," ಎಂದರು ಕಟ್ಟೆಯ ಮೇಲೆ ಕೂತು. ಆ ಮಾತು ಮತ್ತೆ ಬಂದಿತ್ತು. "ಹಳೇದು ಮರೀರಿ. ನಿಮ್ಮ ಬಿ.ಎ. ವಿರಾಸತ್ ಆತಂತ ಕೇಳಿ ಭಾಳ ಸಂತೋಷಾತು. ವತನದಾರರು ನೀವು. ನೀವು ಹೂಂ ಅಂದ್ರ ಕಾರ್ತೀಕದಾಗ ಮದುವಿ."

ಅಮರಗುಂಡಪ್ಪನವರು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದರು. ಲಿಂಗಸುಗೂರಿನಲ್ಲಿ ಮಾಡಿಸಿದ್ದು ಅದೇ. ಬಂದೇಸಾಬರಿಗೆ ಪಿಂಚಣಿ ಇನ್ನೂ ಆರು ತಿಂಗಳು ದೂರವಿತ್ತು. ಬರುವ ತಿಂಗಳ ಒಂದನೇ ತಾರೀಖಿಗೆ ಹೈದರಾಬಾದ್ ಹೋಗಿ ಹೊಸ ಮೈಸೂರು ರಾಜ್ಯ ಬರುವುದಿತ್ತು. ಅದರೊಳಗೆ ಏನುಂಟೋ ಏನಿಲ್ಲವೋ ಎಂದು ಅವರು ಕಣ್ಣುಮುಚ್ಚಿ ಮೊಹರು ಒತ್ತಿದ್ದರು.

"ಓದಿಸ್ಕೊಳ್ರಿ," ಎಂದರು ಅಮರಗುಂಡಪ್ಪನವರು.

ಕರಿಬಸಪ್ಪನವರೇ ಇಸಿದುಕೊಂಡು ಓದಿದರು: "ಬಿ.ಎ. ವತನದಾರರು, ಸಂಗಮ್ಮ, ತಂದೆ ಕೈಲಾಸವಾಸಿ ಆದೆಪ್ಪ. ಅವರ ಗುಮಾಸ್ತ, ಅಮರಗುಂಡಪ್ಪ." ಓದಿ ಮುಗಿಸಿದ ಮೇಲೆ ಅವರು ನಗಲಿಲ್ಲ.

"ನಾ ಗುಮಾಸ್ತ ಅದೀನಿ ಶಿವಶರಣಪ್ಪನವರ," ಎಂದರು ಅಮರಗುಂಡಪ್ಪನವರು, ಪಾಟೀಲಕಿ ಬಂದ ದಿನವೂ ಇಲ್ಲದಿದ್ದ ಠೀವಿಯಲ್ಲಿ. "ನಮ್ಮ ಕೈಯಾಗ ಏನೂ ಇಲ್ಲ. ವತನದಾರರು ಒಳಗ ಅದಾರ, ಅವರನ್ನ ಕೇಳ್ರಿ."

ಸಂಗಮ್ಮ ಹೊರಗೆ ಬಂದಳು. ಈ ಸಲ ಬಾಗಿಲ ಸಂದಿಯಿಂದ ಅಲ್ಲ, ಕಟ್ಟೆಯ ತನಕ ಬಂದಳು. ಕಾಕಾನನ್ನು ನೋಡಿದಳು, ಅವಳ ಕಣ್ಣು ತುಂಬಿತ್ತು. ಆದರೆ ಮಾತು ತಹಶೀಲ್ದಾರರ ಮಾತಿನಷ್ಟೇ ಗಟ್ಟಿಯಾಗಿತ್ತು.

"ನಿಮ್ಮ ಮಗ ಮೊದಲ ಮೆಟ್ರಿಕ್ ಪಾಸಾಗ್ಲಿ ಮಾವಾ. ಆಮ್ಯಾಲೆ ಅರ್ಜಿ ಹಾಕ್ಲಿ. ಡಂಗುರ ಹೊಡಸ್ತೀವಿ. ತಕರಾರಿದ್ರ ಮೂವತ್ತು ದಿನದೊಳಗ ನಾನ ಹೇಳ್ತೀನಿ."

ಶಿವಶರಣಪ್ಪನವರು ಗಂಟನ್ನು ಹೆಗಲಿಗೆ ಹಾಕಿಕೊಂಡರು. ಅಮರಗುಂಡಪ್ಪನವರು ಎದ್ದು ಕೋಟಿನ ಮೇಲಿನ ಧೂಳು ಕೊಡವಿ, ಯಾವುದಕ್ಕೂ ಇರಲೆಂದು ಡಂಗುರದ ಶಾವಲಿಗೆ ಒಂದು ಮಾತು ಹೇಳಿಬರಲು ಹೊರಟರು.